ಐದು ನಂಬರಿನ ಡಬ್ಬಿ

ಧಾರವಾಡದ ಎಮ್ಮೆಯ ಕೊಂಬು ಮುಂದಕ್ಕೆ ಬರುವುದಿಲ್ಲ, ಹಿಂದಕ್ಕೆ ಬಾಗಿ ಹೆಗಲ ಕಡೆ ಹೋಗುತ್ತದೆ. ನೋಡಿದವರಿಗೆ, ಪಾಪ, ಇದು ಯಾರಿಗೆ ತಾನೇ ಹಾಯ್ದೀತು ಎನಿಸಬೇಕು. ಸಪ್ತಾಪುರದ ನಮ್ಮ ಓಣಿಯಲ್ಲಿ ನಿಂತ ಕಾರಿಗೂ ಅದು ಹಾಯಲಿಲ್ಲ. ಮುಂದಿನ ಬಂಪರಿನ ಕೆಳ ಅಂಚಿಗೆ ಕುತ್ತಿಗೆ ತಿಕ್ಕಿಕೊಂಡಿತು. ನೊಣ ಕೂತಿತೆಂದು ತಲೆ ಕೊಡವಿತು. ಕೊಂಬು ಅಂಚಿನೊಳಗೆ ಸಿಕ್ಕಿತ್ತು. ಬಂಪರಿನ ಬಲ ಮಗ್ಗಲು ಕಿತ್ತು ಕೈಗೆ ಬಂತು. ಕೈಗೆ ಅಂದರೆ ಕೊಂಬಿಗೆ. ಒಂದು ಗೇಣುದ್ದ ಸೀಳು, ಅದರ ಪಕ್ಕದಲ್ಲಿ ಒಂದು ತಗ್ಗು.

ವಿಮೆಯ ಏಜೆಂಟರಿಗೆ ಫೋನ್ ಹಚ್ಚಿದೆ. "ಎದುರಿನ ಗಾಡಿ ನಂಬರ್ ಹೇಳ್ರಿ" ಅಂದರು. ಎಮ್ಮೆಯ ಕಿವಿಯಲ್ಲಿ ಸರಕಾರದ ಹಳದಿ ಬಿಲ್ಲೆ ಇತ್ತು, ಅದರ ಮೇಲೆ 12 ಅಂಕಿಯ ನಂಬರೂ ಇತ್ತು. "ಬರಕೋರಿ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಅವರು ಹೇಳಿದ ಲೆಕ್ಕ ಕೇಳಿ ನನ್ನ ಮಾತೂ ನಿಂತಿತು. ಜೀರೋ ಡೆಪ್, ಅಂದರೆ ಸವಕಳಿ ಕಳೆಯದ ಸವಲತ್ತು, ಇಲ್ಲದ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಭಾಗದ ಬೆಲೆಯಲ್ಲಿ ಶೇ. 50 ಸವಕಳಿ ಕಡಿತ. ನಮ್ಮಂಥ ಸಣ್ಣ ಕಾರಿಗೆ ಕಡ್ಡಾಯವಾಗಿ ನಾವೇ ಹಾಕಬೇಕಾದ 1000 ರೂಪಾಯಿ ಬೇರೆ. ಇಷ್ಟಾದ ಮೇಲೆ, ವರ್ಷ ವರ್ಷ ಕ್ಲೇಮ್ ಮಾಡದೆ ಜೋಪಾನ ಮಾಡಿ ಶೇ. 50ಕ್ಕೆ ಮುಟ್ಟಿಸಿದ್ದ ನೋ ಕ್ಲೇಮ್ ಬೋನಸ್ಸೂ, ಅಂದರೆ ಪ್ರೀಮಿಯಂ ರಿಯಾಯಿತಿಯೂ, ನೀರುಪಾಲು. "ಅದರಕಿಂತ ನೀವ ಮಾಡಿಸಿಕೊಂಡ್ರ ಚೊಲೋರಿ" ಅಂದರು. ಮಾಡಿಸಿಕೊಳ್ಳುವುದೇಕೆ, ಮಾಡಿಕೊಂಡರೆ ಇನ್ನೂ ಚೊಲೋ ಎಂದು ನಾನು ಅರ್ಥ ಮಾಡಿಕೊಂಡೆ.

ಬಂಪರ್ ಬಿಚ್ಚಲು ಕೂತೊಡನೆ ಎದುರು ಮನೆಯ ಕಾಕಾ ಬಂದರು. ಅವರು ಬರೀ ನೋಡಲು ಬರುವವರಲ್ಲ. "ಅಂಬಾಸಡರ್ ಇದ್ದಿದ್ರ ಇವತ್ತ ಎಮ್ಮಿಗೆ ಪಟ್ಟಿ ಕಟ್ಟಬೇಕಾಗ್ತಿತ್ತು. ಉಕ್ಕಿನ ಬಂಪರ್, ಮ್ಯಾಲೆ ಕ್ರೋಮಿಯಂ. ಮಾರಿ ನೋಡಿಕೊಂಡ ಗಡ್ಡ ಮಾಡಿಕೊಳ್ಳಬಹುದಿತ್ತು." ಹೌದು, ಆ ಬಂಪರ್ ಬಗ್ಗುತ್ತಿರಲಿಲ್ಲ, ಹೊಡೆತವೆಲ್ಲ ಒಳಗೆ ಕೂತವರಿಗೇ ಬರುತ್ತಿತ್ತು. ಈಗಿನದು ತಾನು ಮುರಿದುಕೊಂಡು ಮಿಕ್ಕವರನ್ನು ಉಳಿಸುತ್ತದೆ. ಇದನ್ನು ಕಾಕಾಗೆ ಹೇಳಲಿಲ್ಲ. ಅವರ ಕೈಯಲ್ಲಿ ನನ್ನ ಸ್ಕ್ರೂ ಡ್ರೈವರ್ ಇತ್ತು.

ಸ್ಕ್ರೂಗಳು ಸುಲಭ. ಕಷ್ಟ ಇರುವುದು ಪ್ಲಾಸ್ಟಿಕ್ ಕ್ಲಿಪ್ಪುಗಳಲ್ಲಿ. ಬಾನೆಟ್ಟಿನ ಕೆಳಗೆ, ಗಾಲಿಯ ಮಗ್ಗಲಿಗೆ, ಹೊಟ್ಟೆಯಡಿ, ಎಲ್ಲೆಲ್ಲಿ ಕೈ ಹೋಗುವುದಿಲ್ಲವೋ ಅಲ್ಲಲ್ಲಿ. ನಡುವಿನ ಗುಂಡಿ ಎಬ್ಬಿಸಿ ಎಳೆದರೆ ಬರಬೇಕು. ಬಂದವು, ಅರ್ಧರ್ಧ. ಫಾಗ್ ಲ್ಯಾಂಪಿನ ವೈರ್ ಬಿಡಿಸಿ ಬಂಪರನ್ನು ಅಂಗಳದಲ್ಲಿ ಮಕಾಡೆ ಮಲಗಿಸಿದೆವು. ಒಳಗಡೆ ಅದರ ಜಾತಕ ಅಚ್ಚಾಗಿತ್ತು: ಪಿಪಿ ಪ್ಲಸ್ ಇಪಿಡಿಎಂ, ಟಿಡಿ 20. ಅಂದರೆ ಪಾಲಿಪ್ರೊಪಿಲೀನ್, ಬಗ್ಗಲೆಂದು ಒಂದಿಷ್ಟು ರಬ್ಬರ್, ನೂರಕ್ಕೆ 20 ಪಾಲು ಟಾಲ್ಕ್. ಮಾರಿಗೆ ಹಚ್ಚುವ ಪೌಡರಿನ ಟಾಲ್ಕೇ. "ಕಾರಿಗೂ ಪೌಡರ್ ಹಚ್ಚತಾರೇನು?" ಎಂದು ಅವ್ವ ಕಟ್ಟೆಯ ಮೇಲಿಂದ ಕೇಳಿದಳು.

ತಗ್ಗು ತೆಗೆಯುವುದು ನಿಜಕ್ಕೂ ಮಜಾ. ಕುದಿಯುವ ನೀರು ಸುರಿದು, ಮೆತ್ತಗಾದಾಗ ಒಳಗಿನಿಂದ ಅಂಗೈಯಲ್ಲಿ ಒತ್ತಿದರೆ ಟಪ್ಪೆಂದು ಹೊರಗೆ ಬರುತ್ತದೆ; ಕೂಡಲೇ ತಣ್ಣೀರು ಹಾಕಿದರೆ ಹಾಗೇ ನಿಲ್ಲುತ್ತದೆ. ಕಾಕಾ ಚಪ್ಪಾಳೆ ಹೊಡೆದರು. ನನ್ನ ಅಂಗೈಗೆ ಬರ್ನಾಲ್ ಹಚ್ಚಿದ್ದು ಬೇರೆ ವಿಷಯ.

ಸೀಳು ಮಾತ್ರ ಜಗ್ಗಲಿಲ್ಲ. ಎರಡು ಟ್ಯೂಬು ಕಲಸುವ ಅಂಟು ಹಚ್ಚಿ ರಾತ್ರಿಯೆಲ್ಲ ಬಿಟ್ಟೆ. ಮುಂಜಾನೆ ಉಗುರಿನಿಂದ ಎಬ್ಬಿಸಿದರೆ ಹಪ್ಪಳದಂತೆ ಪೂರ್ತಿ ಎದ್ದು ಬಂತು. ಒಂದು ಹನಿಗೆ ಬೆರಳನ್ನೇ ಕಚ್ಚುವ ಗಮ್ಮೂ ಬೆರಳನ್ನು ಕಚ್ಚಿತು, ಬಂಪರನ್ನು ಬಿಟ್ಟಿತು. ಪಾಲಿಪ್ರೊಪಿಲೀನಿನ ಗುಣವೇ ಅಷ್ಟು: ಅಂಟು ಅದರ ಮೇಲೆ ಹರಡುವುದೇ ಇಲ್ಲ. ಅದಕ್ಕೆ ಅದರದೇ ಜಾತಿಯದನ್ನು ಕರಗಿಸಿ ಬೆಸೆಯಬೇಕು. ಸೋಲ್ಡರಿಂಗ್ ಐರನ್ ಮನೆಯಲ್ಲಿತ್ತು. ಜಾತಿ ಹುಡುಕಬೇಕಿತ್ತು.

ಡಬ್ಬಿಗಳ ತಳದಲ್ಲಿ ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ. 5 ಇದ್ದರೆ ಪಾಲಿಪ್ರೊಪಿಲೀನ್. ನಾನು ಅಡಿಗೆಮನೆಗೆ ನುಗ್ಗಿದೆ. ನೀರಿನ ಬಾಟಲಿ 1. ಎಣ್ಣೆಯ ಕ್ಯಾನು 2. ಗುರೆಳ್ಳು ಚಟ್ನಿಯ ಡಬ್ಬಿ ಬೋರಲು ಹಾಕಿದೆ: 5! ಚಟ್ನಿಪುಡಿ ನೆಲಕ್ಕೆ, ಡಬ್ಬಿ ಅವ್ವನ ಸೆರಗಿನೊಳಕ್ಕೆ. "ನನ್ನ ಡಬ್ಬಿ ಮುಟ್ಟಿದ್ರ ನೋಡು! ನಿನ್ನ ಎಮ್ಮಿ ಜಗಳ ನನ್ನ ಚಟ್ನಿಗೆ ಯಾಕ?" ಕೊನೆಗೆ ಹೋಟೆಲಿನ ಪಾರ್ಸೆಲ್ ಬಂದಿದ್ದ ಕಪ್ಪು ಡಬ್ಬಿ ಸಿಕ್ಕಿತು. ತಳದಲ್ಲಿ 5, ಮೂಲೆಯಲ್ಲಿ ಕುರ್ಮಾದ ವಾಸನೆ. ಕತ್ತರಿಯಲ್ಲಿ ಕಡ್ಡಿಗಳಾಗಿ ಕತ್ತರಿಸಿದೆ. ಒಳಗಡೆ ಬಲಕ್ಕೆ ಸ್ಟೀಲ್ ಜಾಳಿಗೆ ಹುದುಗಿಸಬೇಕು. ಮನೆಯಲ್ಲಿದ್ದ ಏಕೈಕ ಸ್ಟೀಲ್ ಜಾಳಿಗೆ ಚಹಾ ಸೋಸುವುದಾಗಿತ್ತು. ಅದು ಹೇಗೆ ಅಂಗಳಕ್ಕೆ ಬಂತೆಂದು ಹೆಂಡತಿ ಈಗಲೂ ಕೇಳುತ್ತಾಳೆ, ನಾನು ಈಗಲೂ ಹೇಳುವುದಿಲ್ಲ.

ಪಾಲಿಪ್ರೊಪಿಲೀನು ಸುಮಾರು 160 ಡಿಗ್ರಿಗೆ ಕರಗುತ್ತದೆ. ಸೋಲ್ಡರಿಂಗ್ ಐರನ್ನಿನ ಮೊನೆ ಅದಕ್ಕಿಂತ ಬಹಳ ಬಿಸಿ. ಒಂದು ಗಳಿಗೆ ಹೆಚ್ಚು ಇಟ್ಟರೆ ಹೊಗೆ, ಒಂದು ಗಳಿಗೆ ಕಡಿಮೆ ಇಟ್ಟರೆ ಬರೀ ಮೆತ್ತಿದ ಹಾಗೆ. ಸೀಳಿನ ಗುಂಟ ಕಾಲುವೆ ತೋಡಿ, ಜಾಳಿಗೆ ಒತ್ತಿ, ಮೇಲೆ ಕುರ್ಮಾ ಡಬ್ಬಿಯನ್ನು ಕರಗಿಸಿ ಕಲೆಸಿ ತೀಡುತ್ತ ಹೋದೆ. ಓಣಿ ತುಂಬ ಸುಟ್ಟ ಮೇಣದ ವಾಸನೆ. ಇಬ್ಬರು ಕಿಟಕಿ ಹಾಕಿಕೊಂಡರು, ನಾಲ್ಕು ಜನ ಹೊರಗೆ ಬಂದರು. ಆರಿದ ಮೇಲೆ ಕಾಕಾ ಎರಡೂ ಕೈಯಲ್ಲಿ ಬಗ್ಗಿಸಿ ನೋಡಿದರು. ಬಿಡಲಿಲ್ಲ. ಮತ್ತೆ ಬಗ್ಗಿಸಿದರು. ಅವರಿಗೆ ಬೇಸರವಾದದ್ದು ಮುಖದಲ್ಲಿ ಕಂಡಿತು.

ಬಣ್ಣದ ಕಥೆ ಸಣ್ಣದು. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ ಪ್ಲಾಸ್ಟಿಕ್ ಪ್ರೈಮರ್ ಮತ್ತು ಬಾಗಿಲ ಮಗ್ಗಲಿನ ಚೀಟಿಯ ಕೋಡ್ ಹೇಳಿ ಸಿಲ್ವರ್ ಸ್ಪ್ರೇ ತಂದೆ. ಮೆಟಾಲಿಕ್ ಬಣ್ಣ ನಿಂತು ನೋಡಿದರೆ ಒಂದು, ಕೂತು ನೋಡಿದರೆ ಇನ್ನೊಂದು. ನಮ್ಮ ಕಾರನ್ನು ಈಗ ನಿಂತೇ ನೋಡಬೇಕು.

ಸುದ್ದಿ ಓಣಿಯಲ್ಲಿ ನಿಂತಲ್ಲಿ ನಿಲ್ಲಲಿಲ್ಲ. ಮರುದಿನವೇ ಹಿಂದಿನ ಓಣಿಯ ಕಾಕಿ, ಅಂಚು ಸೀಳಿದ ಬಕೆಟ್ ಹಿಡಿದು ಗೇಟಿನಲ್ಲಿ ನಿಂತರು. ನಾನು ಬಕೆಟ್ ಬೋರಲು ಹಾಕಿ, ಕನ್ನಡಕ ಸರಿಸಿ ತಳ ನೋಡಿದೆ. 2. ಐದಕ್ಕೂ ಎರಡಕ್ಕೂ ಬೆಸುಗೆ ಕೂಡುವುದಿಲ್ಲ.

"ಇದು ಎರಡನೇ ನಂಬರಿಂದು ಐತ್ರಿ ಕಾಕಿ. ನಾನು ಐದು ನಂಬರ್ ಅಷ್ಟ ಮಾಡ್ತೀನಿ."

ಕಾಕಿ ಬಕೆಟ್ ವಾಪಸ್ ಇಸಗೊಂಡರು. "ಹಂಗೇನಪಾ? ಹಂಗಾರ ಎರಡು ನಂಬರಿನ ಡಾಕ್ಟರು ಎಲ್ಲೆ ಕೂಡತಾರ?"