ಅಳೆಯದೆ ಬದಲಾಯಿಸಿದ ಬಿಸಿಎಂ, ಕಾಕಾನ ರೊಕ್ಕ

ಈಗಷ್ಟೇ ಸರ್ವಿಸ್ ಸೆಂಟರಿನಿಂದ ಬಂದೆ. ಸಿಟ್ಟು ಇಳಿದ ಮೇಲೆ ಬರೆದರೆ ಮಾತು ಮೆತ್ತಗಾಗುತ್ತದೆ, ಅದಕ್ಕೇ ಕೈಕಾಲು ತೊಳೆಯುವ ಮೊದಲೇ ಬರೆಯುತ್ತಿದ್ದೇನೆ.

ನಮ್ಮ ಸೊಸೈಟಿಯ ಕಾಕಾ ನಿಮ್ಮಲ್ಲಿ ಅನೇಕರಿಗೆ ಗೊತ್ತು. ವಿಜಯಪುರದ ಕಡೆಯವರು, ಪಿಂಪ್ರಿಯಲ್ಲಿ ದುಡಿದು ರಿಟೈರ್ ಆದವರು, ಪುಣೆಯ ಕನ್ನಡ ಸಂಘದಲ್ಲಿ ಏನೇ ಕಾರ್ಯಕ್ರಮವಿದ್ದರೂ ಮುಂದಿನ ಸಾಲಿನಲ್ಲಿ ಕೂಡುವವರು. ಕಾಕೂಗೆ ಮೊಣಕಾಲು ನೋವು, ತಗ್ಗಿದ ಕಾರಿನಲ್ಲಿ ಹತ್ತಿ ಇಳಿಯೋದು ಆಗೋದಿಲ್ಲ ಅಂತ ರಿಟೈರ್ಮೆಂಟ್ ದುಡ್ಡಿನಲ್ಲಿ ಒಂದು ಎಸ್‌ಯುವಿ ತಗೊಂಡರು. ಹೋದ ಮಳೆಗಾಲದಲ್ಲಿ ಅದಕ್ಕೆ ರೋಗ ಶುರುವಾಯಿತು. "ಅವ್ವಾ, ರಾತ್ರಿ ಗಾಡಿ ತಾನ ಲಾಕ್ ತಗೀತದ. ವೈಪರ್ ತಾನ ತಿರಗತದ. ಮುಂಜಾನೆದ್ದು ನೋಡಿದ್ರ ಬ್ಯಾಟ್ರಿ ಕುಂತಿರ್ತದ" ಅಂತ ಒಮ್ಮೆ ಲಿಫ್ಟಿನಲ್ಲಿ ಹೇಳಿದ್ದರು. ನಾನಾಗ ಡ್ಯೂಟಿ ಮೇಲೆ ಚೆನ್ನೈಗೆ ಹೊರಟಿದ್ದೆ. ವಾಪಸ್ ಬರುವಷ್ಟರಲ್ಲಿ ಸರ್ವಿಸ್ ಸೆಂಟರಿನವರು ಬಿಸಿಎಂ, ಅಂದರೆ ಬಾಡಿ ಕಂಟ್ರೋಲ್ ಮಾಡ್ಯೂಲ್, ಬದಲಾಯಿಸಿ ₹38,000 ಬಿಲ್ಲು ಕೊಟ್ಟಾಗಿತ್ತು.

ಈ ಮಳೆಗಾಲ ಅದೇ ಗಾಡಿ, ಅದೇ ರೋಗ. ಹೊಸ ಮಾಡ್ಯೂಲಿಗೆ ವಾರಂಟಿ ಇದೆ ಅಂತ ಬಿಲ್ಲಿನಲ್ಲೇ ಬರೆದಿತ್ತು. ಕಾಕಾ ಧೈರ್ಯವಾಗಿ ಹೋದರು. ಅಲ್ಲಿಯ ಅಡ್ವೈಸರ್ ಗಾಡಿಯ ಕೆಳಗೆ ಮೇಲೆ ಟಾರ್ಚ್ ಬಿಟ್ಟು ಐದೇ ನಿಮಿಷದಲ್ಲಿ ಹೇಳಿದ: ಒಳಗೆ ನೀರು ಹೋಗಿದೆ, ನೀರು ಹೋದರೆ ವಾರಂಟಿ ಬರುವುದಿಲ್ಲ, ಹೊಸದು ಹಾಕಿಸಿ, ಈ ಸಲ ₹41,000.

ನನ್ನ ಸಿಟ್ಟಿನ ಬೇರು ಇಲ್ಲೇ ಇದೆ. ವಾರಂಟಿ ನಿರಾಕರಿಸುವಾಗ ಐದು ನಿಮಿಷದಲ್ಲಿ ಕಂಡ ನೀರು, ಹೋದ ವರ್ಷ ₹38,000 ತಗೊಳ್ಳುವಾಗ ಯಾಕೆ ಕಾಣಲಿಲ್ಲ? ನೋಡಿದ್ದರೆ ಕಾಣುತ್ತಿತ್ತು. ಯಾರೂ ನೋಡಲಿಲ್ಲ. ಸ್ಕ್ಯಾನರ್ ಹಚ್ಚಿದರು, ಒಂದು ದೋಷದ ಕೋಡ್ ಬಂತು, ಆ ಕೋಡಿನಲ್ಲಿ ಬಿಸಿಎಂ ಹೆಸರಿತ್ತು, ಬಿಸಿಎಂ ಬದಲಾಯಿಸಿದರು. ಮುಗಿಯಿತು.

ನಾನು ಏನು ಕೆಲಸ ಮಾಡುತ್ತೇನೆ ಅಂತ ನಿಮಗೆ ಗೊತ್ತು. ಪುಣೆ ಹತ್ತಿರದ ಚಾಕಣದ ಕಾರ್ಖಾನೆಯಲ್ಲಿ ವಾರಂಟಿಯಲ್ಲಿ ವಾಪಸ್ ಬಂದ ಎಲೆಕ್ಟ್ರಾನಿಕ್ ಭಾಗಗಳನ್ನು ಬೆಂಚಿನ ಮೇಲೆ ಇಟ್ಟು ಪರೀಕ್ಷಿಸುವುದೇ ನನ್ನ ಹೊಟ್ಟೆಪಾಡು. "ಕೆಟ್ಟಿದೆ" ಅಂತ ಚೀಟಿ ಅಂಟಿಸಿಕೊಂಡು ಬಂದ ಪೆಟ್ಟಿಗೆ ಬಿಚ್ಚಿ, ಕರೆಂಟು ಕೊಟ್ಟು, ಬಿಸಿ ಮಾಡಿ, ತಣ್ಣಗೆ ಮಾಡಿ, ಅಲುಗಾಡಿಸಿ ನೋಡಿದರೆ ಒಂದೂ ದೋಷ ಇರುವುದಿಲ್ಲ. ಅಂಥವಕ್ಕೆ ನಮ್ಮಲ್ಲಿ ಎನ್‌ಟಿಎಫ್ ಅಂತಾರೆ, ನೋ ಟ್ರಬಲ್ ಫೌಂಡ್. ರಿಪೋರ್ಟಿನಲ್ಲಿ ಆ ಮೂರಕ್ಷರ ಬರೆಯುವಾಗ ಪ್ರತಿ ಸಲ ನನ್ನ ಎದೆ ಉರಿಯುತ್ತದೆ. ಒಳ್ಳೆಯ ಮಾಡ್ಯೂಲ್ ನನ್ನ ಮೇಜಿನ ಮೇಲಿದೆ, ಅಂದಮೇಲೆ ದೋಷ ಇನ್ನೂ ಯಾರದೋ ಗಾಡಿಯಲ್ಲೇ ಕೂತಿದೆ. ಅವರು ಹೊಸದಕ್ಕೆ ದುಡ್ಡು ಕೊಟ್ಟು, ಸರಿಯಾಯಿತು ಅಂದುಕೊಂಡು ಘಾಟು ಇಳಿಯುತ್ತಿದ್ದಾರೆ.

ಬಿಸಿಎಂ ಅಂದರೇನು ಅಂತ ಕೇಳುವವರಿಗೆ ಒಂದಿಷ್ಟು ಹೇಳಬೇಕು. ಹಳೇ ಗಾಡಿಗಳಲ್ಲಿ ವೈಪರ್ ಸ್ವಿಚ್ ಒತ್ತಿದರೆ ಕರೆಂಟು ಫ್ಯೂಸು, ಸ್ವಿಚ್ಚು, ಕೆಲವೊಮ್ಮೆ ರಿಲೇ ದಾಟಿ ನೇರ ಮೋಟರಿಗೆ ಹೋಗುತ್ತಿತ್ತು. ಈಗ ಸ್ವಿಚ್ಚು ಬರೀ ಅರ್ಜಿ ಹಾಕುತ್ತದೆ. ಆ ಅರ್ಜಿ ನೋಡಿ ವೈಪರ್, ಇಂಡಿಕೇಟರ್, ಹೆಡ್‌ಲೈಟ್, ಹಾರ್ನ್, ಸೆಂಟ್ರಲ್ ಲಾಕ್ ನಡೆಸುವುದು ಬಿಸಿಎಂ. ಎಷ್ಟೋ ಗಾಡಿಗಳಲ್ಲಿ ಕೀಲಿ ಗುರುತಿಸುವ ಇಮ್ಮೊಬಿಲೈಸರ್ ಕೆಲಸವೂ ಅದರದೇ. ಇಂಜಿನ್, ಬ್ರೇಕಿನ ಎಬಿಎಸ್, ಮೀಟರ್ ಕ್ಲಸ್ಟರ್ ಇವುಗಳ ಮಾಡ್ಯೂಲುಗಳ ಜೊತೆ ಅದು ಕ್ಯಾನ್ ಎಂಬ ಎರಡು ಹೆಣೆದ ತಂತಿಗಳ ಮೇಲೆ ಮಾತಾಡುತ್ತದೆ. ಬಾಷ್ ಕಂಪನಿ 1986ರಲ್ಲಿ ಜಗತ್ತಿನ ಮುಂದಿಟ್ಟ ಪದ್ಧತಿ ಅದು. ಇಷ್ಟೊಂದು ತಂತಿಗಳು ಬಿಸಿಎಂಗೆ ಬಂದು ಸೇರುವುದರಿಂದ ಎಲ್ಲಿ ಏನೇ ಕೆಟ್ಟರೂ ಅಪವಾದ ಅದರ ತಲೆಗೇ ಬರುತ್ತದೆ.

ಕಾಕಾನ ಗಾಡಿಯಲ್ಲಿ ಬಂದ ಕೋಡು ಯು0140. ಬಿಸಿಎಂ ಜೊತೆ ಸಂಪರ್ಕ ತಪ್ಪಿದೆ ಅಂತ ಅದರ ಅರ್ಥ. ಬಿಸಿಎಂ ಸತ್ತಿದೆ ಅಂತ ಅಲ್ಲ. ಬೇರೆ ಮಾಡ್ಯೂಲುಗಳಿಗೆ ಅದರ ದನಿ ಕೇಳಿಸುತ್ತಿಲ್ಲ, ಅಷ್ಟೇ. ಫ್ಯೂಸ್ ಹೋಗಿರಬಹುದು, ಅರ್ಥಿಂಗ್ ಸಡಿಲ ಇರಬಹುದು, ತಂತಿ ಸವೆದಿರಬಹುದು, ಕನೆಕ್ಟರಿನಲ್ಲಿ ನೀರಿರಬಹುದು. ಇವೆಲ್ಲ ನೋಡಿ, ಯಾವುದೂ ಇಲ್ಲ ಅಂತ ಖಾತ್ರಿಯಾದ ಮೇಲೆ ಮಾಡ್ಯೂಲಿಗೆ ಕೈ ಹಾಕಬೇಕು. ಕಂಪನಿಯ ಸರ್ವಿಸ್ ಮ್ಯಾನುಅಲ್‌ಗಳಲ್ಲೂ ಇದೇ ಕ್ರಮ ಇರುತ್ತದೆ. ಮ್ಯಾನುಅಲ್ ಇದ್ದೂ ಓದದವರಿಗೆ ಏನು ಹೇಳುವುದು?

ಎರಡನೇ ಸಲ ನಾನು ಬಿಡಲಿಲ್ಲ. ಗಾಡಿ ಹೊರಗೆ ತೆಗೆಸಿ ಭೋಸರಿಯಲ್ಲಿ ನನಗೆ ಗೊತ್ತಿರುವ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಒಯ್ದೆವು. ಶೆಡ್ಡು ಚಿಕ್ಕದು, ಎಸಿ ಇಲ್ಲ, ಚಹಾ ಕೊಡುವ ಹುಡುಗಿ ಇಲ್ಲ. ಅವನು ಮೊದಲು ಮಾಡಿದ್ದು ಡ್ರೈವರ್ ಕಾಲಿನ ಕೆಳಗಿನ ಕಾರ್ಪೆಟ್ಟಿನೊಳಗೆ ಕೈ ಹಾಕಿದ್ದು. ಕೈ ಒದ್ದೆ. ಆಮೇಲೆ ಮಲ್ಟಿಮೀಟರಿನ ಒಂದು ಪ್ರೋಬ್ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಮಾಡ್ಯೂಲಿನ ಅರ್ಥ್ ಪಿನ್ನಿಗೆ ಇಟ್ಟು, ಹೆಡ್‌ಲೈಟೂ ವೈಪರೂ ಹಚ್ಚಿಸಿದ. ಅರ್ಥಿಂಗ್ ಗಟ್ಟಿ ಇದ್ದರೆ ಅಲ್ಲಿ 0.1 ವೋಲ್ಟ್ ಒಳಗೇ ಇರಬೇಕು. ಮೀಟರ್ 1.6 ತೋರಿಸಿತು. ಬ್ಯಾಟರಿ ಬಿಚ್ಚಿಟ್ಟು, ಸ್ಕ್ಯಾನರ್ ಹಚ್ಚುವ ಒಬಿಡಿ ಸಾಕೆಟ್ಟಿನ 6 ಮತ್ತು 14ನೇ ಪಿನ್ನುಗಳ ನಡುವೆ ಅಳೆದ. 60 ಓಮ್ ಹತ್ತಿರ ಬಂತು. ಕ್ಯಾನ್ ತಂತಿಯ ಎರಡೂ ತುದಿಗೆ 120 ಓಮಿನ ಒಂದೊಂದು ರೆಸಿಸ್ಟರ್ ಇರುತ್ತದೆ, ಎರಡೂ ಪ್ಯಾರಲಲ್ ಆಗಿ ಇರುವುದರಿಂದ ಸೇರಿ ಅರ್ಧ, 60. ಅಂದರೆ ಕ್ಯಾನ್ ತಂತಿ ಸರಿಯಿದೆ, ರೋಗ ಅರ್ಥಿಂಗಿನಲ್ಲಿ.

ಕಾಲ ಬದಿಯ ಪ್ಲಾಸ್ಟಿಕ್ ಪ್ಯಾನೆಲ್ ಕಿತ್ತಾಗ ಎಲ್ಲವೂ ಕಣ್ಣಿಗೆ ಬಿತ್ತು. ಕನೆಕ್ಟರಿನ ಮೂಲೆಯ ಪಿನ್ನುಗಳ ಮೇಲೆ ಹಸಿರು ಪುಡಿ. ಅರ್ಥ್ ಬೋಲ್ಟಿನ ಕೆಳಗೆ ತುಕ್ಕು, ಬೆರಳಲ್ಲಿ ತಿರುವಿದರೆ ತಿರುಗುವಷ್ಟು ಸಡಿಲು. ಮೇಲಿನಿಂದ ಬರುವ ತಂತಿಗಳ ಕಟ್ಟಿನ ಗುಂಟ ನೀರಿನ ಗುರುತು. ಬಾನೆಟ್ ಎತ್ತಿ ಮುಂದಿನ ಗಾಜಿನ ಕೆಳಗಿನ ಜಾಲರಿ ತೆಗೆದರೆ ಮಳೆನೀರು ಹರಿದು ಹೋಗುವ ತೂತಿನಲ್ಲಿ ಗುಲ್‌ಮೊಹರ್ ಎಲೆ ಒತ್ತಿ ಕೂತಿದ್ದವು, ಹೋದ ವರ್ಷದವು ಕೆಳಗೆ ಕೊಳೆತು ಕರೀ ಮಣ್ಣಾಗಿದ್ದವು. ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ ಗುಲ್‌ಮೊಹರ್ ಸಾಲು ಇದೆ, ನಿಮಗೆ ಗೊತ್ತು. ಹೋಗಲು ದಾರಿಯಿಲ್ಲದ ನೀರು ತಂತಿ ಹಿಡಿದು ಸೀದಾ ಕನೆಕ್ಟರಿಗೆ ಇಳಿದಿದೆ. ಒದ್ದೆ ಪಿನ್ನುಗಳ ನಡುವೆ ಕರೆಂಟು ಸೋರಿದರೆ ಬಿಸಿಎಂಗೆ ಯಾರೋ ಬಾಗಿಲು ತೆಗೆದಂತೆ, ಸ್ವಿಚ್ ಒತ್ತಿದಂತೆ ತೋರುತ್ತದೆ. ರಾತ್ರಿಯಿಡೀ ಅದು ಮಲಗುವುದಿಲ್ಲ. ನಿಂತ ಗಾಡಿ ಸಾಮಾನ್ಯವಾಗಿ 50 ಮಿಲಿಆಂಪಿಯರಿನೊಳಗೆ ಕರೆಂಟು ತಿನ್ನಬೇಕು, ಮಲಗದ ಮಾಡ್ಯೂಲ್ ಅದರ ಹಲವು ಪಟ್ಟು ತಿಂದು ಬೆಳಗಿಗೆ ಬ್ಯಾಟರಿ ಬರಿದು ಮಾಡುತ್ತದೆ. ಕಾಕಾ ಲಿಫ್ಟಿನಲ್ಲಿ ಹೇಳಿದ ಒಂದೊಂದು ಮಾತಿಗೂ ಇಲ್ಲಿ ಉತ್ತರ ಇತ್ತು.

ಮಾಳಿಗೆ ಸೋರುವಾಗ ಗೋಡೆಗೆ ಸುಣ್ಣ ಹೊಡೆದು ದುಡ್ಡು ಇಸಕೊಂಡು ಹೋದರೆ ನಮ್ಮೂರಲ್ಲಿ ಸುಮ್ಮನೆ ಬಿಡುತ್ತಿದ್ದರಾ? ಭೋಸರಿಯವನು ತೂತು ಸ್ವಚ್ಛ ಮಾಡಿ, ಎರಡು ಪಿನ್ ಬದಲಾಯಿಸಿ, ಅರ್ಥ್ ಉಜ್ಜಿ ಹೊಸ ಬೋಲ್ಟ್ ಹಾಕಿ, ನೀರು ಕನೆಕ್ಟರಿಗೆ ಇಳಿಯದಂತೆ ತಂತಿಯನ್ನು ಕೆಳಗೆ ಬಳುಕಿಸಿ ಕಟ್ಟಿದ. ಅವನು ತಗೊಂಡದ್ದು ₹2,200. ಅದೇ "ಕೆಟ್ಟ" ಮಾಡ್ಯೂಲಿನಲ್ಲೇ ಗಾಡಿ ಈಗ ಓಡುತ್ತಿದೆ. ಕಾಕಾ ಅದರಲ್ಲೇ ಊರಿಗೆ ಹೋಗಿ ಬಂದರು, ದಾರಿಯುದ್ದಕ್ಕೂ ಮಳೆ.

ನನ್ನ ಮೈದುನ ಸರ್ವಿಸ್ ಲೈನಿನಲ್ಲೇ ಇದ್ದಾನೆ. ಅವನು ಹೇಳುತ್ತಾನೆ: ವೈನಿ, ದಿನಕ್ಕೆ ಇಷ್ಟು ಗಾಡಿ ಮುಗಿಸಬೇಕು, ಒಂದೇ ಗಾಡಿಯ ತಂತಿ ಹುಡುಕುತ್ತ ಕೂತರೆ ಟೆಕ್ನಿಶಿಯನ್‌ಗೆ ಆ ಹೊತ್ತಿನ ದುಡ್ಡು ಯಾರೂ ಕೊಡುವುದಿಲ್ಲ. ಇರಬಹುದು. ಆ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಹೊತ್ತಿಲ್ಲ ಅನ್ನುವ ಸರ್ವಿಸ್ ಸೆಂಟರಿಗೆ ಮಾಡ್ಯೂಲ್ ಬದಲಾಯಿಸಲು ಮಾತ್ರ ಹೊತ್ತು ಹೇಗೆ ಸಿಗುತ್ತದೆ? ಅದು ಬಲ್ಬು ಬದಲಾಯಿಸಿದಷ್ಟು ಸುಲಭದ ಕೆಲಸ ಅಲ್ಲವೇ ಅಲ್ಲ. ಹೊಸದಕ್ಕೆ ಗಾಡಿಯ ಗುರುತಿನ ವಿಐಎನ್ ನಂಬರ್ ಬರೆಯಬೇಕು, ಆ ಮಾಡೆಲಿನಲ್ಲಿ ಏನೇನು ಇದೆ ಅಂತ ಕೋಡಿಂಗ್ ಮಾಡಬೇಕು, ಮನೆಯಲ್ಲಿರುವ ಎಲ್ಲ ಕೀಲಿಗಳನ್ನೂ ತಂದು ಕಲಿಸಬೇಕು, ಅಷ್ಟೂ ಹೊತ್ತು ಬ್ಯಾಟರಿ ವೋಲ್ಟೇಜ್ ಬೀಳದಂತೆ ಸಪ್ಲೈ ಹಚ್ಚಿಡಬೇಕು. ನಡುವೆ ಕರೆಂಟು ತಪ್ಪಿದರೆ ಹೊಸ ಮಾಡ್ಯೂಲೇ ಕೆಟ್ಟು ಕೂಡಬಹುದು. ಇಷ್ಟಕ್ಕೆಲ್ಲ ಪುರುಸೊತ್ತಿದ್ದವರಿಗೆ ಕಾರ್ಪೆಟ್ಟಿನೊಳಗೆ ಕೈ ಹಾಕಲು ಪುರುಸೊತ್ತಿಲ್ಲ ಅಂದರೆ ನಾನು ನಂಬುವುದಿಲ್ಲ.

ಹೊರಗಿನವರು ಈ ಕೆಲಸ ಮಾಡಲು ಬೇಕಾದ ಸ್ಕ್ಯಾನರ್, ವೈರಿಂಗ್ ನಕ್ಷೆ, ಪಾಸ್‌ವರ್ಡ್ ಎಲ್ಲ ಕಂಪನಿಗಳ ಕೈಯಲ್ಲಿವೆ. ಇದೇ ವಿಷಯಕ್ಕೆ, ಬಿಡಿಭಾಗ ಮತ್ತು ಡಯಾಗ್ನೊಸ್ಟಿಕ್ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಕೊಡದೆ ತಡೆದದ್ದಕ್ಕೆ, ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ₹2,544 ಕೋಟಿಗೂ ಹೆಚ್ಚು ದಂಡ ಹಾಕಿತು. ಮೇಲ್ಮನವಿಗಳು ಆದವು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು, ವಾಹನಗಳೂ ಅದರಲ್ಲಿ ಸೇರಿವೆ. ಆದರೂ ಭೋಸರಿಯ ನನ್ನ ಎಲೆಕ್ಟ್ರಿಷಿಯನ್ ಇವತ್ತಿಗೂ ಯಾರೋ ವಾಟ್ಸಾಪಿನಲ್ಲಿ ಕಳಿಸಿದ ಮಸುಕು ನಕ್ಷೆ ನೋಡಿಯೇ ಕೆಲಸ ಮಾಡುತ್ತಾನೆ. ವೇತಾಳ ಟೇಕಡಿಯ ಮೇಲೆ ವಾಹನ ಸಂಶೋಧನೆಯ ಸಂಸ್ಥೆ ಎಆರ್‌ಎಐ ಇರುವ, ಪಿಂಪ್ರಿ ಚಾಕಣದಲ್ಲಿ ಗಾಡಿ ಹುಟ್ಟುವ ಈ ಊರಿನಲ್ಲೇ ಹೀಗಾದರೆ ಬೇರೆ ಊರುಗಳ ಗತಿ ನೆನೆಸಿಕೊಂಡರೆ ಹೊಟ್ಟೆ ಸಂಕಟವಾಗುತ್ತದೆ.

ಇವತ್ತು ಕಾಕಾನನ್ನು ಕರಕೊಂಡು, ಆ ಹಸಿರು ಹಿಡಿದ ಪಿನ್ನುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಸರ್ವಿಸ್ ಸೆಂಟರಿಗೆ ಹೋಗಿದ್ದೆ. ಹೋದ ವರ್ಷ ತೆಗೆದ ಹಳೇ ಮಾಡ್ಯೂಲ್ ಕೊಡಿ, ನಾನೇ ಬೆಂಚಿನ ಮೇಲೆ ಪರೀಕ್ಷೆ ಮಾಡಿಸುತ್ತೇನೆ ಅಂದೆ. ಅದು ಈಗ ಇಲ್ಲ ಅಂದರು. ಎಲ್ಲಿ ಹೋಯಿತು ಅಂದರೆ ಸ್ಕ್ರ್ಯಾಪ್ ಅಂದರು. ಹಾಕುವ ಮೊದಲು ಏನು ಅಳೆದಿರಿ, ಜಾಬ್ ಕಾರ್ಡ್ ತೋರಿಸಿ ಅಂದೆ. ಅದರಲ್ಲಿ ಒಂದೇ ಸಾಲು ಇತ್ತು: ಬಿಸಿಎಂ ಫಾಲ್ಟಿ, ರಿಪ್ಲೇಸ್ಡ್. ಒಂದು ವೋಲ್ಟಿನ ಅಂಕಿಯೂ ಇಲ್ಲ. ಮ್ಯಾನೇಜರು "ಮಾಡ್ಯೂಲಚ್ ಗೇಲಾ ಹೋತಾ, ಮ್ಯಾಡಮ್", ಮಾಡ್ಯೂಲೇ ಹೋಗಿತ್ತು ಅಂತ ಮರಾಠಿಯಲ್ಲಿ ಅದನ್ನೇ ಹೇಳುತ್ತಿದ್ದರು. ಕಾಕಾ ನನ್ನ ತೋಳು ಹಿಡಿದು "ಇರ್ಲಿ ಬಿಡವ್ವಾ, ಹೋಗಿದ್ದು ಹೋತು" ಅಂದರು. ಬಿಡುವುದಿಲ್ರೀ ಕಾಕಾ. ಆ ದುಡ್ಡು ಗಳಿಸಲು ನೀವು ಎಷ್ಟು ರಾತ್ರಿಪಾಳಿ ಮಾಡಿದ್ದೀರಿ ಅಂತ ನನಗೆ ಗೊತ್ತು.

ಪತ್ರ ಬರೆದು ಕೊಟ್ಟು ಸಹಿ, ಸೀಲು ಹಾಕಿಸಿಕೊಂಡು ಬಂದಿದ್ದೇನೆ. ಹೋದ ವರ್ಷದ ಬಿಲ್ಲು, ಜಾಬ್ ಕಾರ್ಡಿನ ಪ್ರತಿ, ಪಿನ್ನುಗಳ ಫೋಟೋ ಎಲ್ಲ ಲಗತ್ತಿಸಿದ್ದೇನೆ. ಹದಿನೈದು ದಿನದಲ್ಲಿ ಉತ್ತರ ಬರದಿದ್ದರೆ 1915 ಗ್ರಾಹಕ ಸಹಾಯವಾಣಿಗೆ ದೂರು, ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. ಯಾರಿಗಾದರೂ ಬಿಸಿಎಂ ಬದಲಾಯಿಸಿ ಅಂದಿದ್ದರೆ ಒಪ್ಪುವ ಮೊದಲು ಏನೇನು ಅಳೆದಿರಿ ಅಂತ ಅಂಕಿ ಸಮೇತ ಬರೆಸಿಕೊಳ್ಳಿ, ಹಳೇದು ವಾಪಸ್ ಬೇಕು ಅಂತ ಜಾಬ್ ಕಾರ್ಡಿನ ಮೇಲೇ ಹಾಕಿಸಿ. ಹಡಪ್ಸರ್, ಕೋಥ್ರುಡ್ ಕಡೆ ಮೀಟರ್ ಹಿಡಿದು ಕೆಲಸ ಮಾಡುವ ಎಲೆಕ್ಟ್ರಿಷಿಯನ್ ಯಾರಾದರೂ ನಿಮಗೆ ಗೊತ್ತಿದ್ದರೆ ಕೆಳಗೆ ಬರೆಯಿರಿ. ಸಂಘದ ಗ್ರೂಪಿನಲ್ಲಿ ಇದೇ ತೊಂದರೆ ಇರುವ ಇನ್ನೊಂದು ಗಾಡಿ ಇದೆ, ಅವರಿಗೂ ₹45,000 ಕೊಟೇಶನ್ ಕೊಟ್ಟಿದ್ದಾರಂತೆ, ಇನ್ನೂ ದುಡ್ಡು ಕಟ್ಟಿಲ್ಲ.