ಒಂದಗುಳಿನ ಸಿನಿಮಾ ರಸಿಕರು

ಎರಡು ಗಂಟೆಯ ಸಿನಿಮಾ ಅಂದರೆ, ಸೆಕೆಂಡಿಗೆ 24ರ ಲೆಕ್ಕದಲ್ಲಿ 1,72,800 ಫ್ರೇಮು, ಅಂದರೆ ಅಷ್ಟು ಬಿಡಿ ಚಿತ್ರಗಳು. ಇಷ್ಟನ್ನೂ ಕೂತು ನೋಡುವ ತಾಳ್ಮೆ ಹಿಂದಿನವರಿಗಿತ್ತು, ಪಾಪ, ಅವರಿಗೆ ಬೇರೆ ಕೆಲಸವಿರಲಿಲ್ಲ. ಈಗಿನ ರಸಿಕರಿಗೆ ಒಂದು ಫ್ರೇಮು ಸಾಕು. ಅನ್ನ ಬೆಂದಿದೆಯೋ ಇಲ್ಲವೋ ತಿಳಿಯಲು ಒಂದಗುಳು ಹಿಚುಕಿದರೆ ಆಯಿತಲ್ಲ! ಹಿಚುಕಿದ್ದನ್ನೇ ಊಟ ಅಂದುಕೊಂಡು ಕೈ ತೊಳೆದು ಎದ್ದುಬಿಡುವುದು ಮಾತ್ರ ಹೊಸ ಪದ್ಧತಿ.

‘ನನ್ನ ಅಚ್ಚುಮೆಚ್ಚಿನ ಸಿನಿಮಾ. ಒಂದೇ ಸ್ಟಿಲ್ಲು. ಹೆಸರು ಹೇಳಿ ನೋಡೋಣ’ ಎಂದು ಫೋನಿನ ಗುಂಪಿನಲ್ಲಿ ಸಿನಿಮಾದ ಒಂದು ಸ್ಥಿರಚಿತ್ರ ಹಾಕಿ ಸವಾಲೆಸೆಯುವುದು ಸುಲಭದ ಕೆಲಸವಲ್ಲ. ಮೊದಲಿಗೆ, ಮುಖ ಕಾಣಬಾರದು. ಮುಖ ಕಂಡರೆ ಮಕ್ಕಳೂ ಗುರುತು ಹಿಡಿಯುತ್ತಾರೆ, ನಿಮ್ಮ ಅಭಿರುಚಿಗೆ ಬೆಲೆ ಏನು ಬಂತು? ಖಾಲಿ ಕಾರಿಡಾರು, ಅರ್ಧ ಎಳೆದ ಪರದೆ, ಮಳೆ ಹನಿ ಇಳಿಯುತ್ತಿರುವ ಗಾಜು, ಯಾರದೋ ತಲೆಯ ಹಿಂಭಾಗ, ಇವು ಉತ್ತಮ. ಕುರ್ಚಿಯ ಒಂದು ಕಾಲು ಮಾತ್ರ ಕಾಣುವಂತಿದ್ದರೆ ಅತ್ಯುತ್ತಮ.

ಎರಡನೆಯದಾಗಿ, ಫ್ರೇಮಿನಲ್ಲಿ ಯಾರೂ ಅಲ್ಲಾಡುತ್ತಿರಬಾರದು. ಸಾಮಾನ್ಯವಾಗಿ ಸಿನಿಮಾ ಕ್ಯಾಮೆರಾದ ಶಟರ್, ಅಂದರೆ ಬೆಳಕು ಒಳಬಿಡುವ ಬಾಗಿಲು, ಒಂದೊಂದು ಫ್ರೇಮಿಗೂ ಸೆಕೆಂಡಿನ 48ನೇ ಒಂದು ಭಾಗದಷ್ಟು ಹೊತ್ತು ತೆರೆದಿರುತ್ತದೆ. ಅಷ್ಟರಲ್ಲಿ ಬೀಸಿದ ಕೈ ಬಳಿದ ಬಣ್ಣದಂತಾಗುತ್ತದೆ. ಪರದೆಯ ಮೇಲೆ ಓಟ ಓಟದಂತೆ ಕಾಣುವುದೇ ಈ ಕಲಸಿಹೋಗುವಿಕೆಯಿಂದ. ಆದರೆ ನಡುವೆ ಒತ್ತಿ ನಿಲ್ಲಿಸಿದರೆ ನಾಯಕನ ಕೈಯಿದ್ದ ಕಡೆ ಪೊರಕೆಯಿರುತ್ತದೆ. ಹೀಗಾಗಿ ಓಡುವ, ಕುಣಿಯುವ, ಜಾರಿ ಬಿದ್ದು ನಗಿಸುವ ಸಿನಿಮಾಗಳೆಲ್ಲ ಈ ಆಟದಿಂದ ತಾವಾಗಿಯೇ ಹೊರಗೆ. ಕಿಟಕಿಯ ಪಕ್ಕ ನಿಂತು ಹೊರಗೆ ನೋಡುವವರ ಸಿನಿಮಾಗಳು ಒಳಗೆ. ಶ್ರೇಷ್ಠ ಸಿನಿಮಾ ಯಾವುದೆಂದು ತೀರ್ಮಾನಿಸುತ್ತಿರುವುದು ವಿಮರ್ಶಕರಲ್ಲ, ಶಟರ್.

ಫ್ರೇಮು ಹಿಡಿಯುವ ವಿಧಾನವೂ ಗೊತ್ತಿರಲಿ. ಕಂಪ್ಯೂಟರಿನಲ್ಲಿ ಸಿನಿಮಾ ತೋರಿಸುವ ವಿಎಲ್‌ಸಿ ಎಂಬ ತಂತ್ರಾಂಶದಲ್ಲಿ ನಿಲ್ಲಿಸಿ, ಇ ಕೀಲಿ ಒತ್ತುತ್ತ ಹೋದರೆ ಒಂದೊಂದೇ ಫ್ರೇಮು ಮುಂದೆ ಸರಿಯುತ್ತದೆ. ಶಿಫ್ಟ್ ಹಿಡಿದು ಎಸ್ ಒತ್ತಿದರೆ ಚಿತ್ರ ಉಳಿಯುತ್ತದೆ. ಕಣ್ಣು ಮಿಟುಕಿಸುವ ನಡುವೆ ನಿಲ್ಲಿಸಿದಿರೋ, ಎಂಥ ಮೇರು ನಟನೂ ಕುಡಿದು ತೂಕಡಿಸುವವನಂತೆ ಕಾಣುತ್ತಾನೆ. ಇನ್ನೆರಡು ಮೂರು ಸಲ ಇ ಒತ್ತಿ, ಮರ್ಯಾದೆ ವಾಪಸ್ ಬರುತ್ತದೆ. ಚಂದಾ ಕಟ್ಟಿ ನೋಡುವ ಆ್ಯಪ್‌ಗಳಲ್ಲಿ ಸ್ಕ್ರೀನ್‌ಶಾಟ್ ತೆಗೆದರೆ ನಕಲು ತಡೆಯುವ ಬೀಗದಿಂದಾಗಿ ಬಹುಮಟ್ಟಿಗೆ ಸಿಗುವುದು ಬರೀ ಕಪ್ಪು ಚೌಕ. ಬೇಸರ ಬೇಡ, ಅದನ್ನೇ ಹಾಕಿ. ‘ಆ ಬೆಳಕಿನ ಸಂಯೋಜನೆ ನೋಡಿಯೇ ಗೊತ್ತಾಯಿತು’ ಎನ್ನುವವರು ಮೂರು ಜನವಾದರೂ ಬರುತ್ತಾರೆ.

ಇನ್ನು ಉತ್ತರ ಹೇಳುವವರ ವಿದ್ಯೆ. ಚಿತ್ರದ ಅಗಲವನ್ನು ಎತ್ತರದಿಂದ ಭಾಗಿಸಿ. 1.37 ಬಂದರೆ 1932ರಿಂದ ಐವತ್ತರ ದಶಕದ ಆರಂಭದವರೆಗಿನ ಹಾಲಿವುಡ್ ಅಳತೆ. 2.35ರ ಆಸುಪಾಸು ಬಂದರೆ ಸಿನಿಮಾಸ್ಕೋಪ್ ಕಾಲಿಟ್ಟ 1953ರ ಈಚಿನದು. ಹಿನ್ನೆಲೆಯ ಮಸುಕು ದೀಪಗಳು ದುಂಡಗಿರದೆ ಮೊಟ್ಟೆಯನ್ನು ನೆಟ್ಟಗೆ ನಿಲ್ಲಿಸಿದಂತಿದ್ದರೆ ಅದು ಅನಾಮಾರ್ಫಿಕ್ ಲೆನ್ಸು: ಅಗಲದ ದೃಶ್ಯವನ್ನು ಅಡ್ಡಡ್ಡಕ್ಕೆ ಹಿಂಡಿ ಫಿಲ್ಮಿಗೆ ತುಂಬಿ, ಪರದೆಯ ಮೇಲೆ ಮತ್ತೆ ಹಿಗ್ಗಿಸುವ ಕಸರತ್ತಿನ ಗುರುತು. ಎಲ್ಲ ಸರಿ, ಆದರೆ ಈಗಿನ ನಿರ್ದೇಶಕರು ಕಲೆಗೆಂದು ಬೇಕೆಂತಲೇ ಚೌಕಾಕಾರದಲ್ಲಿ, ಕಪ್ಪು ಬಿಳುಪಿನಲ್ಲಿ ತೆಗೆಯುತ್ತಾರೆ. ಪಂಡಿತರು ಹೋದ ವರ್ಷದ ಸಿನಿಮಾಕ್ಕೆ 1948 ಎಂದು ತಾರೀಖು ಹಾಕುತ್ತಾರೆ. ಅದಕ್ಕಿಂತ ದೊಡ್ಡ ಎಡವಟ್ಟೆಂದರೆ, ಸವಾಲು ಹಾಕಿದವರು ಫೋನಿಗೆ ಹೊಂದಲೆಂದು ಎರಡೂ ಬದಿ ಕತ್ತರಿಸಿರುತ್ತಾರೆ. ಅಳೆದದ್ದು ಸಿನಿಮಾವನ್ನಲ್ಲ, ಅವರ ಕತ್ತರಿಯನ್ನು.

ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ದುಂಡನೆಯ ಚುಕ್ಕೆ ಕಂಡರೆ ಬಿಡಬೇಡಿ. ರೀಲು ಬದಲಿಸುವಂತೆ ಪ್ರೊಜೆಕ್ಟರ್ ಆಪರೇಟರಿಗೆ ಕೊಡುತ್ತಿದ್ದ ಸನ್ನೆ ಅದು. ರೀಲು ಮುಗಿಯುವ ಸುಮಾರು 8 ಸೆಕೆಂಡ್ ಮುಂಚೆ ಒಮ್ಮೆ, 1 ಸೆಕೆಂಡ್ ಮುಂಚೆ ಇನ್ನೊಮ್ಮೆ, ಪ್ರತಿ ಸಲ 4 ಫ್ರೇಮು. 20 ನಿಮಿಷದ ರೀಲಿನ 28,800 ಫ್ರೇಮಿನಲ್ಲಿ ಇದಿರುವುದು 8ರಲ್ಲಿ ಮಾತ್ರ. ಇದರಿಂದ ಸಿನಿಮಾ ಯಾವುದೆಂದು ಖಂಡಿತ ಗೊತ್ತಾಗುವುದಿಲ್ಲ. ಆದರೆ ಇಷ್ಟು ಹೇಳಿದಿರೆಂದರೆ ಕೇಳಿದವರು ಉತ್ತರ ಕೇಳುವುದನ್ನೇ ಮರೆಯುತ್ತಾರೆ.

ನಿಜವಾದ ವಿಧಾನ ಎಲ್ಲರಿಗೂ ಗೊತ್ತು: ಚಿತ್ರ ನೋಡಿ ಹುಡುಕಿಕೊಡುವ ಗೂಗಲ್ ಲೆನ್ಸಿಗೆ ಅದನ್ನು ತೋರಿಸುವುದು. ಇಲ್ಲಿ ಜಾಣ್ಮೆ ಬೇಕಾಗುವುದು ಹುಡುಕಲು ಅಲ್ಲ, ಕಾಯಲು. ಹತ್ತು ಸೆಕೆಂಡಿಗೆ ಉತ್ತರಿಸಿದರೆ ಬಂಡವಾಳ ಬಯಲು. ನಾಲ್ಕು ನಿಮಿಷ ಬಿಟ್ಟು, ಮೊದಲು ಅದೇ ನಿರ್ದೇಶಕರ ಬೇರೊಂದು ಸಿನಿಮಾದ ಹೆಸರು ಹೇಳಿ, ಆಮೇಲೆ ‘ಅಲ್ಲಲ್ಲ, ಆ ಗೋಡೆಯ ಹಸಿರು ಬೇರೆ’ ಎಂದು ತಿದ್ದಿಕೊಳ್ಳಬೇಕು. ಇದನ್ನರಿತ ಸವಾಲುಗಾರರು ಚಿತ್ರವನ್ನು ಎಡಬಲ ತಿರುಗಿಸಿ ಹಾಕುತ್ತಾರೆ, ಹುಡುಕುವ ಯಂತ್ರ ತಬ್ಬಿಬ್ಬಾಗಲಿ ಎಂದು. ಆಗ ಅಂಗಡಿ ಬೋರ್ಡಿನ ಅಕ್ಷರಗಳು ಉಲ್ಟಾ, ಕೋಟಿನ ಗುಂಡಿಗಳು ಪಕ್ಕ ಬದಲಿಸಿರುತ್ತವೆ. ಅಚ್ಚುಮೆಚ್ಚಿನ ಸಿನಿಮಾವನ್ನು ಮಗುಚಿ ಹಾಕಿದ್ದಕ್ಕೆ ಯಾರಿಗೂ ಬೇಸರವಿಲ್ಲ.

ತಮಾಷೆಯೆಂದರೆ, ಬಹಳಷ್ಟು ಸಲ ಆ ಸ್ಟಿಲ್ಲು ಸಿನಿಮಾದಲ್ಲಿ ಇರುವುದೇ ಇಲ್ಲ. ಚಿತ್ರೀಕರಣದ ಜಾಗದಲ್ಲಿ ಸ್ಟಿಲ್ ಫೋಟೋಗ್ರಾಫರ್ ಅಂತ ಒಬ್ಬರಿರುತ್ತಾರೆ. ಅವರ ಕ್ಯಾಮೆರಾ ಬೇರೆ, ನಿಲ್ಲುವ ಕೋನ ಬೇರೆ. ಕ್ಲಿಕ್ ಸದ್ದು ಮಾತಿನ ರೆಕಾರ್ಡಿಂಗಿಗೆ ಅಡ್ಡಿಯೆಂದು ಟೇಕ್ ಮುಗಿದ ಮೇಲೆ ‘ಹಾಗೇ ನಿಂತಿರಿ’ ಎಂದು ನಿಲ್ಲಿಸಿ ತೆಗೆದವೂ ಎಷ್ಟೋ. ಬೀಸಿದ ಕೈಯ ಐದೂ ಬೆರಳು ಎಣಿಸುವಷ್ಟು ಸ್ಪಷ್ಟವಾಗಿದ್ದರೆ ಅನುಮಾನಿಸಿ. ಗಾಳಿಗೆ ಹಾರುವ ಬಿಳಿ ಗೌನಿನ ಮರ್ಲಿನ್ ಮನ್ರೋ ಯಾರಿಗೆ ಗೊತ್ತಿಲ್ಲ? 1954ರಲ್ಲಿ ನ್ಯೂಯಾರ್ಕಿನ ಬೀದಿಯಲ್ಲಿ ಫೋಟೋಗ್ರಾಫರುಗಳು ಮುಗಿಬಿದ್ದು ತೆಗೆದ ಚಿತ್ರಗಳವು. 1955ರಲ್ಲಿ ಬಂದ ‘ದಿ ಸೆವೆನ್ ಇಯರ್ ಇಚ್’ನಲ್ಲಿ ಆ ಪೂರ್ಣ ಭಂಗಿ ಕಾಣುವುದಿಲ್ಲ, ಕಾಲು ಒಂದು ಶಾಟಿನಲ್ಲಿ, ಮುಖ ಇನ್ನೊಂದರಲ್ಲಿ. ಸಿನಿಮಾ ನೋಡಿದವರು ತಡವರಿಸುತ್ತಾರೆ, ನೋಡದವರು ಥಟ್ಟನೆ ಹೇಳುತ್ತಾರೆ.

ಲೆವ್ ಕುಲೆಶೋವ್ ಎಂಬ ರಷ್ಯದ ನಿರ್ದೇಶಕ ನೂರು ವರ್ಷದ ಹಿಂದೆಯೇ ಒಬ್ಬ ನಟನ ಒಂದೇ ನಿರ್ಭಾವ ಮುಖವನ್ನು ಸೂಪಿನ ಬಟ್ಟಲಿನ ಜೊತೆ, ಶವಪೆಟ್ಟಿಗೆಯ ಜೊತೆ, ಒಬ್ಬ ಹೆಂಗಸಿನ ಜೊತೆ ಅಂಟಿಸಿ ತೋರಿಸಿದ. ನೋಡಿದವರಿಗೆ ಒಮ್ಮೆ ಹಸಿವು ಕಂಡಿತು, ಒಮ್ಮೆ ದುಃಖ, ಇನ್ನೊಮ್ಮೆ ಆಸೆ. ನಮ್ಮ ರಸಿಕರು ಸೂಪು, ಪೆಟ್ಟಿಗೆ, ಹೆಂಗಸು ಮೂರನ್ನೂ ತೆಗೆದಿಟ್ಟು, ಉಳಿದ ಮುಖದ ಕೆಳಗೆ ‘ಕಣ್ಣಲ್ಲೇ ಕತೆ!’ ಎಂದು ಬರೆಯುತ್ತಾರೆ.

ಸರಿಯುತ್ತರ ಬಂದ ಮೇಲೆ? ಚಪ್ಪಾಳೆಯ ಗುರುತು, ಅಷ್ಟೇ. ನಡುವೆ ಯಾರೋ ಅಮಾಯಕರು ‘ಸಿನಿಮಾ ಹೇಗಿದೆ ಸರ್, ಏನು ಕತೆ?’ ಎಂದು ಕೇಳಿದರೆ ಇಡೀ ಗುಂಪು ಗಪ್‌ಚಿಪ್. ಅಷ್ಟರಲ್ಲಿ ಮುಂದಿನ ಸ್ಟಿಲ್ಲು ಬಂದಿರುತ್ತದೆ.

ಈ ಆಟಕ್ಕೆಂದೇ ಹುಟ್ಟಿದಂಥ ಸಿನಿಮಾ ಒಂದುಂಟು: ಕ್ರಿಸ್ ಮಾರ್ಕರ್ 1962ರಲ್ಲಿ ಮಾಡಿದ ‘ಲಾ ಜೆಟೆ’. 28 ನಿಮಿಷ, ಹೆಚ್ಚುಕಡಿಮೆ ಪೂರ್ತಿ ಸ್ಥಿರಚಿತ್ರಗಳದ್ದೇ. ಯಾವುದನ್ನು ಹಾಕಿದರೂ ಮೋಸವಿಲ್ಲ. ನಡುವೆ ಒಂದೇ ಒಂದು ಕಡೆ, ಮಲಗಿದ್ದ ಹೆಂಗಸು ಕಣ್ಣು ತೆರೆದು ರೆಪ್ಪೆ ಬಡಿಯುತ್ತಾಳೆ, ಕೆಲವೇ ಸೆಕೆಂಡು. ಆ ಜಾಗವನ್ನೇ ಹುಡುಕಿ, ಇ ಒತ್ತಿ ಒತ್ತಿ, ರೆಪ್ಪೆ ಅಲ್ಲಾಡದ ಫ್ರೇಮು ಸಿಕ್ಕ ಮೇಲೆಯೇ ನಮ್ಮ ರಸಿಕರು ಅದನ್ನು ಹಿಡಿದು ಗುಂಪಿಗೆ ಹಾಕುತ್ತಾರೆ.