ವೆಲೆನ್ಸಿಯಾ ಬೀದಿಯಲ್ಲಿ ಸೈಕಲ್ ಸವಾರರ ತಕರಾರು

ಸ್ಯಾನ್ ಫ್ರಾನ್ಸಿಸ್ಕೊದ ಮಿಷನ್ ಬಡಾವಣೆಯಲ್ಲಿರುವ ವೆಲೆನ್ಸಿಯಾ ಬೀದಿಗೆ ನಗರದ ಸಾರಿಗೆ ಸಂಸ್ಥೆ 2023ರ ಬೇಸಿಗೆಯಲ್ಲಿ ಹೊಸ ವಿನ್ಯಾಸವೊಂದನ್ನು ತಂದಾಗ, ಅದನ್ನು ವಿರೋಧಿಸಿದವರಲ್ಲಿ ಸೈಕಲ್ ಸವಾರರೂ ಸೇರಿದ್ದರು ಎಂದರೆ ಬೆಂಗಳೂರಿನ ನನ್ನ ಸ್ನೇಹಿತರು ಹುಬ್ಬೇರಿಸುತ್ತಾರೆ. ಬೀದಿಯ ನಟ್ಟನಡುವೆ ಸೈಕಲಿಗೆಂದೇ ಪಥ ಮಾಡಿಕೊಟ್ಟರೂ ತಕರಾರೇ ಎಂದು ಕೇಳುತ್ತಾರೆ. ರಸ್ತೆಯ ಅಂಚಿಗೆ ಒಂದು ಬಿಳಿ ಗೆರೆ ಎಳೆದರೂ ಸಾಕು ಎಂದು ಕಾದಿರುವವರಿಗೆ ಇದು ಹೊಟ್ಟೆ ತುಂಬಿದವರ ಗೊಣಗಾಟದಂತೆ ಕೇಳಿಸುವುದು ಸಹಜವೇ. ಅದೇ ಬಡಾವಣೆಯಲ್ಲಿ ವಾಸವಾಗಿದ್ದು ಅದೇ ಬೀದಿಯಲ್ಲಿ ಸೈಕಲ್ ತುಳಿಯುವ ನನಗೆ ಮಾತ್ರ ಆ ತಕರಾರು ನ್ಯಾಯವಾದುದೆಂದು ಕಂಡಿತು. ಆ ನಗರ ಅದನ್ನು ನಿಭಾಯಿಸಿದ ಬಗೆಯಲ್ಲಿ ಕುಂದುಗಳು ಸಾಕಷ್ಟಿದ್ದರೂ ಬೆಂಗಳೂರು ಎರವಲು ಪಡೆಯಬಹುದಾದ ಅಂಶವೊಂದು ಅದರಲ್ಲಿದೆ.

ಗುಡ್ಡಗಳೇ ತುಂಬಿರುವ ಆ ಊರಿನಲ್ಲಿ ವೆಲೆನ್ಸಿಯಾ ಬೀದಿ ಬಹುಮಟ್ಟಿಗೆ ಸಮತಟ್ಟಾದ ದಾರಿಯಾದ್ದರಿಂದ ಸೈಕಲ್ ಸವಾರರು ಅದನ್ನು ಮೊದಲಿನಿಂದಲೂ ಆರಿಸಿಕೊಂಡಿದ್ದರು. 1999ರಲ್ಲಿ ನಾಲ್ಕು ಲೇನುಗಳಿದ್ದ ಬೀದಿಯನ್ನು ಎರಡಕ್ಕೆ ಇಳಿಸಿ, ನಡುವೆ ತಿರುವು ಪಡೆಯುವ ವಾಹನಗಳಿಗೆ ಒಂದು ಲೇನು ಬಿಟ್ಟು, ಎರಡೂ ಬದಿಯಲ್ಲಿ ಸೈಕಲಿಗೆ ಗೆರೆ ಎಳೆದರು. 2009ರಲ್ಲಿ ಅಲ್ಲಿನ ಸಿಗ್ನಲ್‌ಗಳನ್ನು ಗಂಟೆಗೆ 13 ಮೈಲಿ, ಅಂದರೆ ಸುಮಾರು 21 ಕಿಲೋಮೀಟರ್ ವೇಗಕ್ಕೆ ಹೊಂದಿಸಿ, ಹದವಾಗಿ ತುಳಿಯುವವನಿಗೆ ಒಂದರ ಹಿಂದೊಂದು ಹಸಿರು ದೀಪ ಸಿಗುವಂತೆ ಪ್ರಯೋಗ ನಡೆಸಿ, ಆಮೇಲೆ ಅದನ್ನೇ ಕಾಯಂ ಮಾಡಿದರು. ಮುಂದೆ ಆ್ಯಪ್ ಮೂಲಕ ಕರೆಸಿಕೊಳ್ಳುವ ಟ್ಯಾಕ್ಸಿಗಳೂ ಊಟ ತಲುಪಿಸುವ ವಾಹನಗಳೂ ಹೆಚ್ಚಿ, ಅವೆಲ್ಲ ಸೈಕಲ್ ಗೆರೆಯ ಮೇಲೆಯೇ ನಿಲ್ಲತೊಡಗಿದವು. ಕೊರೋನಾ ಕಾಲದಲ್ಲಿ ಹೋಟೆಲಿನವರು ಪಾರ್ಕಿಂಗ್ ಜಾಗದಲ್ಲಿ ಮರದ ಕಟ್ಟೆ ಕಟ್ಟಿ ಮೇಜು ಹಾಕಿಕೊಂಡರು. ಪಾರ್ಕ್‌ಲೆಟ್ ಎಂದು ಕರೆಯುವ ಆ ಕಟ್ಟೆಗಳು ಹಾಗೆಯೇ ಉಳಿದುಕೊಂಡವು. ಹೀಗೆ ಫುಟ್‌ಪಾತಿನ ಅಂಚಿಗೆ ಹಕ್ಕುದಾರರು ಹೆಚ್ಚಿದಷ್ಟೂ ಸೈಕಲ್ ಸವಾರ ನಿಂತ ವಾಹನವನ್ನು ಬಳಸಿಕೊಂಡು ಕಾರುಗಳ ನಡುವೆ ನುಸುಳುವುದು ಹೆಚ್ಚಾಯಿತು.

ಈ ಇಕ್ಕಟ್ಟಿಗೆ ಸಾರಿಗೆ ಸಂಸ್ಥೆ ಕಂಡುಕೊಂಡ ಉಪಾಯವೇ ನಡುರಸ್ತೆಯ ಪಥ. 15ನೇ ಬೀದಿಯಿಂದ 23ನೇ ಬೀದಿಯವರೆಗೆ, ಒಂದೂವರೆ ಕಿಲೋಮೀಟರಿಗೆ ತುಸು ಕಡಿಮೆ ದೂರ, ಬದಿಯ ಸೈಕಲ್ ಗೆರೆಗಳನ್ನೂ ನಡುವಿನ ತಿರುವು ಲೇನನ್ನೂ ಅಳಿಸಿ, ಆ ಜಾಗದಲ್ಲಿ ಹೋಗುವ ಮತ್ತು ಬರುವ ಸೈಕಲ್‌ಗಳೆರಡಕ್ಕೂ ಒಂದೇ ಪಥ ಮಾಡಿ, ಅದರ ಎರಡೂ ಪಕ್ಕದಲ್ಲಿ ಗಿಡ್ಡನೆಯ ರಬ್ಬರ್ ದಿಂಡುಗಳನ್ನೂ ಪ್ಲಾಸ್ಟಿಕ್ ಗೂಟಗಳನ್ನೂ ನೆಟ್ಟರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಲೆಕ್ಕಾಚಾರವಿದು: ಪಾರ್ಕ್‌ಲೆಟ್ ಉಳಿಯುತ್ತದೆ, ಸರಕು ಇಳಿಸಲು ಜಾಗ ಉಳಿಯುತ್ತದೆ, ಅಗ್ನಿಶಾಮಕ ವಾಹನಕ್ಕೂ ದಾರಿ ಸಿಗುತ್ತದೆ, ಸೈಕಲಿಗೆ ಅಡ್ಡಲಾಗಿ ಯಾರೂ ವಾಹನ ನಿಲ್ಲಿಸಲಾರರು. 2023ರ ಏಪ್ರಿಲ್‌ನಲ್ಲಿ ಸಂಸ್ಥೆಯ ಆಡಳಿತ ಮಂಡಳಿ ಇದನ್ನು ಒಂದು ವರ್ಷದ ಪ್ರಯೋಗವೆಂದು ಒಪ್ಪಿತು.

ಕಾಗದದ ಮೇಲೆ ಎಲ್ಲವೂ ಕೂಡಿಬಂದಿತ್ತು. ಸವಾರರು ಎತ್ತಿದ ಪ್ರಶ್ನೆ ಬಹಳ ಸರಳವಾದದ್ದು: ಪಥದಿಂದ ಇಳಿಯುವುದು ಹೇಗೆ? ಸೈಕಲ್ ತುಳಿಯುವವನು ಒಂದು ತುದಿಯಿಂದ ಹತ್ತಿ ಇನ್ನೊಂದು ತುದಿಯಲ್ಲಿ ಇಳಿಯುವ ರೈಲು ಪ್ರಯಾಣಿಕನಲ್ಲ. ಅವನಿಗೆ 19 ಮತ್ತು 20ನೇ ಬೀದಿಗಳ ನಡುವಿನ ಬೇಕರಿಗೆ ಹೋಗಬೇಕಾಗಿರುತ್ತದೆ. ಆ ಬೇಕರಿ ಕೈಯಳತೆಯಲ್ಲಿ ಕಾಣುತ್ತಿದ್ದರೂ ನಡುವೆ ರಬ್ಬರ್ ದಿಂಡು, ಅದರಾಚೆ ಓಡುವ ಕಾರುಗಳ ಲೇನು, ಅದರಾಚೆ ನಿಂತ ಕಾರುಗಳ ಸಾಲು. ಹಾಗಾಗಿ ಬೇಕರಿಯನ್ನು ದಾಟಿ ಮುಂದಿನ ಜಂಕ್ಷನ್ನಿಗೆ ಹೋಗಿ, ಸಿಗ್ನಲ್ಲಿಗೆ ಕಾದು, ಸೈಕಲನ್ನು ಪಾದಚಾರಿಗಳ ದಾಟುಪಟ್ಟಿಯ ಮೇಲೆ ತಳ್ಳಿಕೊಂಡು ಫುಟ್‌ಪಾತು ಸೇರಿ, ಅಷ್ಟು ದೂರ ಹಿಂದಕ್ಕೆ ನಡೆಯಬೇಕು. ಅಂಗಡಿಗಳಿಗೆ ಹೆಸರಾದ ಬೀದಿಯಲ್ಲಿ ಹೀಗಾದರೆ ಸವಾರ ಅಂಗಡಿಗೆ ಹೋಗುವುದನ್ನೇ ಬಿಡುತ್ತಾನೆ. ತಮ್ಮ ವ್ಯಾಪಾರ ಕುಸಿಯಿತೆಂದು ಪಥವನ್ನು ದೂರುತ್ತಿದ್ದ ಅಂಗಡಿಯವರು ಕಾರು ನಿಲ್ಲಿಸುವ ಜಾಗದ ಬಗ್ಗೆಯೇ ಹೆಚ್ಚು ಮಾತನಾಡಿದರು. ಸೈಕಲಿನ ಗಿರಾಕಿಯೂ ಹೀಗೆಯೇ ಕೈತಪ್ಪುತ್ತಿದ್ದಾನೆ ಎಂಬ ಮಾತು ಅಷ್ಟಾಗಿ ಕೇಳಿಬರಲಿಲ್ಲ.

ಎರಡನೆಯ ಆಕ್ಷೇಪ ತಿರುವುಗಳದ್ದು. ಅಮೆರಿಕದಲ್ಲಿ ವಾಹನಗಳು ರಸ್ತೆಯ ಬಲಗಡೆ ಓಡುವುದರಿಂದ ಅಲ್ಲಿನ ಎಡ ತಿರುವು ನಮ್ಮ ಬಲ ತಿರುವಿಗೆ ಸಮ; ಎದುರು ಬರುವ ವಾಹನಗಳನ್ನು ಅಡ್ಡಹಾಯುವ ತಿರುವು ಅದೇ. ಸೈಕಲ್ ಪಥ ನಡುವೆ ಬಂದದ್ದರಿಂದ ಆ ಉದ್ದಕ್ಕೂ ಕಾರುಗಳ ಎಡ ತಿರುವನ್ನು ನಿಷೇಧಿಸಿ ಫಲಕ ಹಾಕಿದರು. ಫಲಕವನ್ನು ಎಲ್ಲರೂ ಪಾಲಿಸುತ್ತಾರೆಂದು ನಂಬಿ ರಸ್ತೆ ಕಟ್ಟುವುದು ಎಂಥ ದುಡುಕೆಂದು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಅಮೆರಿಕನ್ನರು ನಮಗಿಂತ ಶಿಸ್ತಿನವರು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿರುವುದರಿಂದ ಇಷ್ಟನ್ನು ಹೇಳಬೇಕಾಯಿತು. ಕಾರುಗಳು ತಿರುಗಿದವು. ಪಥದ ಮೇಲೆಯೇ ಪೂರ್ತಿ ಸುತ್ತು ಹಾಕಿ ಬಂದ ದಿಕ್ಕಿಗೇ ಹೊರಳಿದವು. ಕಾರು ತನ್ನ ಪಕ್ಕದಿಂದ ಯಾವ ಕ್ಷಣದಲ್ಲಿ ಒಳಕ್ಕೆ ಹೊರಳೀತು ಎಂದು ಸವಾರ ಭುಜದ ಮೇಲಿಂದ ನೋಡುತ್ತಲೇ ತುಳಿಯಬೇಕು, ಎದುರಿನಿಂದ ಬರುವ ಸೈಕಲನ್ನೂ ಗಮನಿಸುತ್ತಿರಬೇಕು. ಮುಂದೆ ನಿಧಾನವಾಗಿ ಹೋಗುವವರನ್ನು ಹಿಂದೆ ಹಾಕಬೇಕೆಂದರೆ ಎದುರು ಬರುವವರ ಅರ್ಧಕ್ಕೆ ನುಗ್ಗದೆ ಬೇರೆ ದಾರಿಯಿಲ್ಲ. ಅಂಚಿಗೆ ಸರಿದರೆ ಚಕ್ರ ರಬ್ಬರ್ ದಿಂಡಿಗೆ ತಗಲುತ್ತದೆ. ಮಗುವನ್ನು ಸೈಕಲಿನ ಹಿಂದೆ ಕೂರಿಸಿಕೊಂಡು ಹೋಗುವ ನೆರೆಮನೆಯಾಕೆ ಪಕ್ಕದ ಬೀದಿಗಳಲ್ಲಿ ಸುತ್ತಿ ಬಳಸಿ ಹೋಗುವುದನ್ನು ರೂಢಿ ಮಾಡಿಕೊಂಡರು. ಯಾವ ಪಥ ಯಾರಿಗಾಗಿ ಆಯಿತೋ ಅವರೇ ಅದನ್ನು ಬಿಟ್ಟು ಬೇರೆ ಬೀದಿ ಹಿಡಿದರೆ ವಿನ್ಯಾಸಕಾರನಿಗೆ ಬೇರೆ ವರದಿ ಏಕೆ ಬೇಕು?

ಸವಾರರೆಲ್ಲರೂ ಒಂದೇ ದನಿಯಲ್ಲಿ ವಿರೋಧಿಸಿದರು ಎಂದರೆ ಅದು ಸುಳ್ಳಾಗುತ್ತದೆ. ನಡುವಿನ ಪಥದಲ್ಲಿ ನಿಂತ ಕಾರಿನ ಬಾಗಿಲು ತಟ್ಟನೆ ತೆರೆದು ಬೀಳಿಸುವ ಭಯವಿರಲಿಲ್ಲ, ಊಟದ ಪೊಟ್ಟಣ ತರುವ ಕಾರುಗಳ ಅಡ್ಡಿಯೂ ತಪ್ಪಿತ್ತು. ಆ ಬೀದಿಯನ್ನು ಉದ್ದಕ್ಕೆ ದಾಟಿ ಕಚೇರಿಗೆ ಹೋಗುವ ಗಟ್ಟಿ ಸವಾರರು ಅದನ್ನು ಮೆಚ್ಚಿಕೊಂಡರು, ತೆಗೆಯುವಾಗ ಬೇಸರಪಟ್ಟುಕೊಂಡರು. ಆದರೆ ಅವರು ಹಿಂದಿನ ಬಿಳಿ ಗೆರೆಯಲ್ಲೂ ತುಳಿಯುತ್ತಿದ್ದವರೇ. ಸೈಕಲ್ ಹತ್ತಲು ಹಿಂಜರಿಯುವವರಿಗೆ ಧೈರ್ಯ ಕೊಡುತ್ತದೆಯೇ ಎಂಬ ಒರೆಗಲ್ಲಿಗೆ ಹಚ್ಚಿದರೆ ಆ ಪಥ ನಿಲ್ಲುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ನಗರ ಈ ತಕರಾರನ್ನು ಕೇಳಿಸಿಕೊಂಡದ್ದು ಹೇಗೆ ಎಂಬುದು ನನಗೆ ವಿನ್ಯಾಸಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಸಾರಿಗೆ ಸಂಸ್ಥೆಯ ಮಂಡಳಿಯಲ್ಲಿ ಏಳು ಜನ. ಮೇಯರ್ ನೇಮಿಸಿದವರು, ಜನರಿಂದ ಆರಿಸಿ ಬಂದವರಲ್ಲ. ಅವರು ಮಂಗಳವಾರ ಮಧ್ಯಾಹ್ನ ನಗರ ಸಭಾಭವನದ 400ನೇ ಕೋಣೆಯಲ್ಲಿ ಸೇರುತ್ತಾರೆ, ಯಾರು ಬೇಕಾದರೂ ಹೋಗಿ ಸರದಿಯಲ್ಲಿ ನಿಂತು, ಗಡಿಯಾರ ಮುಗಿಯಿತೆಂದು ಸದ್ದು ಮಾಡುವವರೆಗೆ ಮಾತನಾಡಬಹುದು. ಮಾತನಾಡಿದ್ದೆಲ್ಲ ಫಲಿಸುತ್ತದೆ ಎಂದೇನಲ್ಲ: ಪಥ ಹಾಕುವ ಮೊದಲೇ ಸವಾರರಲ್ಲಿ ಹಲವರು ಅದು ಬದಿಯಲ್ಲಿರಲಿ ಎಂದು ಹೇಳಿದ್ದರೂ ಮಂಡಳಿ ನಡುವಿನದಕ್ಕೇ ಮತ ಹಾಕಿತು. ಆದರೆ ಪ್ರಯೋಗವೆಂದು ಬರೆದುಕೊಟ್ಟದ್ದರಿಂದ ಲೆಕ್ಕ ಒಪ್ಪಿಸುವ ಹೊಣೆಯೂ ಅದರ ಜೊತೆಗೇ ಬಂತು. ಸೈಕಲ್‌ಗಳು ಎಷ್ಟು, ನಿಷೇಧ ಮುರಿದು ಎಡಕ್ಕೆ ತಿರುಗಿದ ಕಾರುಗಳು ಎಷ್ಟು, ಡಿಕ್ಕಿಗಳು ಎಷ್ಟು ಎಂದು ಎಣಿಸಿ ಸಂಸ್ಥೆಯೇ ಪ್ರಕಟಿಸಬೇಕಾಯಿತು; ಸವಾರರು ಬಾಯಲ್ಲಿ ಹೇಳಿದ್ದು ಅಂಕಿಗಳಾಗಿ ಕಡತ ಸೇರಿತು. ಕಡೆಗೆ 2024ರ ನವೆಂಬರ್‌ನಲ್ಲಿ ಅದೇ ಮಂಡಳಿ ನಡುವಿನ ಪಥವನ್ನು ತೆಗೆದು ಎರಡೂ ಬದಿಗೆ, ಫುಟ್‌ಪಾತಿನ ಪಕ್ಕಕ್ಕೆ, ರಕ್ಷಿತ ಪಥ ಹಾಕಲು ಮತ ನೀಡಿತು. 2025ರ ಆರಂಭದಲ್ಲಿ ಕೆಲಸ ಶುರುವಾಯಿತು. ಅದೇ ಬೀದಿಯಲ್ಲಿ 15ನೇ ಬೀದಿಯಿಂದ ಉತ್ತರದ ಭಾಗಕ್ಕೆ ಅಂಥದೇ ಬದಿಯ ಪಥ ವರ್ಷಗಳ ಹಿಂದೆಯೇ ಬಂದಿತ್ತು. ಕಣ್ಣೆದುರಿಗಿದ್ದ ಮಾದರಿಯನ್ನು ಬಿಟ್ಟು ಇಷ್ಟು ಸುತ್ತಿ ಬರಲು ಖರ್ಚಾದ ಹಣ ಮತ್ತು ಸಮಯವನ್ನು ನೆನೆದರೆ ಸಿಟ್ಟು ಬರುತ್ತದೆ. ಸಿಟ್ಟಿಗೆ ಒಂದು ವಿಳಾಸವಿತ್ತು ಎಂಬುದಷ್ಟೇ ಸಮಾಧಾನ.

ಬೆಂಗಳೂರಿನ ಹೊರವರ್ತುಲ ರಸ್ತೆಯ ಕಥೆಗೆ ಆ ವಿಳಾಸವಿಲ್ಲ. 2020ರಲ್ಲಿ, ನಗರ ಭೂಸಾರಿಗೆ ನಿರ್ದೇಶನಾಲಯ ಕೇಂದ್ರ ರೇಷ್ಮೆ ಮಂಡಳಿ ಜಂಕ್ಷನ್ನಿಂದ ಕೆ.ಆರ್. ಪುರದ ಕಡೆಗೆ ಸುಮಾರು 17 ಕಿಲೋಮೀಟರ್ ಉದ್ದದ ತಾತ್ಕಾಲಿಕ ಸೈಕಲ್ ಪಥವನ್ನು ಯೋಜಿಸಿ ಬೊಲಾರ್ಡ್‌ಗಳನ್ನು, ಅಂದರೆ ವಾಹನಗಳನ್ನು ತಡೆಯುವ ಗಿಡ್ಡ ಗೂಟಗಳನ್ನು, ನೆಡಿಸಿತು. ಉದ್ದೇಶ ಒಳ್ಳೆಯದೇ ಆಗಿತ್ತು, ನಿರ್ದೇಶನಾಲಯದಲ್ಲಿ ಸೈಕಲಿನ ಬಗ್ಗೆ ನಿಜವಾದ ಕಾಳಜಿಯುಳ್ಳವರೂ ಇದ್ದರು. ಊರಿಗೆ ಬಂದಾಗ ಮಾರತ್ತಹಳ್ಳಿಯ ತಂಗಿಯ ಮನೆಯಲ್ಲಿ ಉಳಿಯುವ ನಾನು ಆ ಪಥ ಕರಗಿದ್ದನ್ನು ಕಂತು ಕಂತಾಗಿ ನೋಡಿದ್ದೇನೆ. ಒಮ್ಮೆ ಬಂದಾಗ ಬೊಲಾರ್ಡ್‌ಗಳ ಸಂದಿಯಿಂದ ಸ್ಕೂಟರ್‌ಗಳು ಒಳನುಗ್ಗಿ ಸಾಗುತ್ತಿದ್ದವು, ಇನ್ನೊಮ್ಮೆ ಬೊಲಾರ್ಡ್‌ಗಳು ಬುಡದ ಬೋಲ್ಟು ಮಾತ್ರ ಉಳಿಸಿ ಮಾಯವಾಗಿದ್ದವು, ಆಮೇಲೆ ನೀಲಿ ಮಾರ್ಗದ ಮೆಟ್ರೊ ಕಾಮಗಾರಿಯ ತಗಡಿನ ಬೇಲಿ ಬಂದು ಉಳಿದದ್ದನ್ನೂ ನುಂಗಿತು. ಇದನ್ನು ತೆಗೆಯಬೇಕೆಂದು ಯಾರಾದರೂ ತೀರ್ಮಾನಿಸಿದರೇ, ಬಳಸಿದವರನ್ನು ಕೇಳಿದರೇ ಎಂದು ತಂಗಿಯ ಗಂಡನನ್ನು ವಿಚಾರಿಸಿದೆ. "ಭಾವ, ಹಾಕುವಾಗ ನಮ್ಮನ್ನು ಯಾರೂ ಕೇಳಲಿಲ್ಲ, ತೆಗೆಯುವಾಗ ಕೇಳುತ್ತಾರೆಯೇ?" ಎಂದು ಅವರು ನಕ್ಕರು.

ಆ ಪಥಕ್ಕೂ ಸವಾರರ ಆಕ್ಷೇಪಗಳಿದ್ದವು, ವೆಲೆನ್ಸಿಯಾ ಬೀದಿಯವುಗಳಷ್ಟೇ ಖಚಿತವಾದವು. ಮೇಲ್ಸೇತುವೆ ಶುರುವಾಗುವಲ್ಲಿ ಸೈಕಲ್ ಎತ್ತ ಹೋಗಬೇಕು, ಸರ್ವಿಸ್ ರಸ್ತೆಯಿಂದ ವಾಹನಗಳು ಒಳಬರುವ ಬಾಯಿಯಲ್ಲಿ ಯಾರು ಯಾರಿಗೆ ದಾರಿ ಬಿಡಬೇಕು, ಬಸ್ಸು ತಂಗುದಾಣಕ್ಕೆ ಸರಿಯುವಾಗ ನಡುವೆ ಸಿಕ್ಕ ಸೈಕಲಿನ ಗತಿಯೇನು ಎಂಬ ಈ ಪ್ರಶ್ನೆಗಳೆಲ್ಲ ತುಳಿದವರಿಗೆ ಮೊದಲ ವಾರವೇ ತಿಳಿದಿದ್ದವು. ಅವನ್ನು ಹೇಳಲು ನಿಗದಿಯಾದ ದಿನವಾಗಲಿ, ಕೇಳಿ ಉತ್ತರ ಕೊಡಲೇಬೇಕಾದ ಸಭೆಯಾಗಲಿ ಇರಲಿಲ್ಲ. ಪಥ ಬಂದ ವರ್ಷವೇ, 2020ರ ಸೆಪ್ಟೆಂಬರ್‌ನಲ್ಲಿ, ಬಿಬಿಎಂಪಿಯ ಚುನಾಯಿತ ಸದಸ್ಯರ ಅವಧಿ ಮುಗಿಯಿತು, ಅದಾದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಹೀಗಾಗಿ ಹಿಡಿದು ಕೇಳಲು ವಾರ್ಡಿನ ಕಾರ್ಪೊರೇಟರ್ ಕೂಡ ಇರಲಿಲ್ಲ. ತಾತ್ಕಾಲಿಕ ಎಂಬ ಮಾತು ವೆಲೆನ್ಸಿಯಾದಲ್ಲಿ ಲೆಕ್ಕ ಕೊಡುವ ಹೊಣೆಯನ್ನು ತಂದರೆ ಹೊರವರ್ತುಲ ರಸ್ತೆಯಲ್ಲಿ ಆ ಹೊಣೆಯಿಂದಲೇ ಬಿಡುಗಡೆ ಕೊಟ್ಟಿತು. ಸೈಕಲ್ ಪಥಗಳು ಬೆಂಗಳೂರಿಗೆ ಒಗ್ಗುವುದಿಲ್ಲ ಎಂದು ಈಗ ಯಾರಾದರೂ ಸಲೀಸಾಗಿ ಹೇಳಿಬಿಡಬಹುದು. ಒಗ್ಗಲಿಲ್ಲವೋ, ಕೆಟ್ಟದಾಗಿ ಕಟ್ಟಲಾಗಿತ್ತೋ ಎಂದು ತೀರ್ಮಾನಿಸಲು ನಿಗದಿತ ಪರಿಶೀಲನೆಯೇ ಇರಲಿಲ್ಲ.

ಎರಡೂ ಊರುಗಳು ಸಮಾನವಾಗಿ ಮರೆತವರೂ ಇದ್ದಾರೆ. ಮಂಗಳವಾರ ಮಧ್ಯಾಹ್ನ ಸಭಾಭವನಕ್ಕೆ ಬರಬಲ್ಲವರು ನನ್ನಂತೆ ಕಂಪ್ಯೂಟರ್ ಮುಚ್ಚಿಟ್ಟು ಎದ್ದು ಬರಲು ಸಾಧ್ಯವಿರುವವರು. ಮಿಷನ್ ಬಡಾವಣೆಯ ಹೋಟೆಲುಗಳ ಅಡುಗೆಮನೆಯಲ್ಲಿ ದುಡಿದು ರಾತ್ರಿ ಸೈಕಲಿನಲ್ಲಿ ಮನೆಗೆ ಹೋಗುವ ಸ್ಪ್ಯಾನಿಷ್ ಮಾತಾಡುವ ಕೆಲಸಗಾರರನ್ನು ಆ ಸರದಿಯಲ್ಲಿ ನಾನು ಹೆಚ್ಚು ಕಾಣಲಿಲ್ಲ. ಹೊರವರ್ತುಲ ರಸ್ತೆಯಲ್ಲಿ ನಸುಕಿನ ಪಾಳಿಗೆ ಹೋಗುವ ಸೆಕ್ಯುರಿಟಿ ಗಾರ್ಡ್, ಪೇಪರ್ ಹಾಕುವ ಹುಡುಗ, ಕಟ್ಟಡದ ಕೆಲಸಕ್ಕೆ ಬಂದ ರಾಯಚೂರಿನ ಕೂಲಿಯವನು ಹೆಲ್ಮೆಟ್ಟಿಲ್ಲದೆ, ದೀಪವಿಲ್ಲದೆ ತುಳಿಯುತ್ತಾರೆ. ಸೈಕಲ್ ಸವಾರರ ಸಭೆ ಎಂದರೆ ನಮ್ಮ ಕಣ್ಣಿಗೆ ಕಟ್ಟುವ ಚಿತ್ರದಲ್ಲಿ ಅವರಿರುವುದಿಲ್ಲ. ಅವರ ಆಕ್ಷೇಪ ಬೇಕಾದರೆ ಅಧಿಕಾರಿಗಳೇ ಪಾಳಿ ಬದಲಾಗುವ ಹೊತ್ತಿಗೆ ಬಳಗೆರೆಯಲ್ಲೋ ಕಾಡುಬೀಸನಹಳ್ಳಿಯಲ್ಲೋ ಟೀ ಅಂಗಡಿಯ ಮುಂದೆ ನಿಲ್ಲಬೇಕಾಗುತ್ತದೆ. ಅದನ್ನು ಸ್ಯಾನ್ ಫ್ರಾನ್ಸಿಸ್ಕೊದಿಂದ ಕಲಿಯುವಂತಿಲ್ಲ, ನಾವೇ ಮಾಡಿ ತೋರಿಸಬೇಕು.

ವೆಲೆನ್ಸಿಯಾದ ಬದಿಯ ಪಥಕ್ಕೂ ತನ್ನದೇ ತೊಡಕುಗಳಿವೆ. ಪಾರ್ಕ್‌ಲೆಟ್ ಇರುವಲ್ಲಿ ಅದು ಬಳುಕಿ ಸಾಗುತ್ತದೆ. ಕೆಲವೆಡೆ ಕಟ್ಟೆಗೂ ಫುಟ್‌ಪಾತಿಗೂ ನಡುವೆ ಪಥ ಹಾಯುವುದರಿಂದ ತಟ್ಟೆ ಹಿಡಿದ ಮಾಣಿ ಸೈಕಲ್ ಬರುತ್ತಿದೆಯೇ ಎಂದು ಎರಡೂ ಕಡೆ ನೋಡಿ ದಾಟಬೇಕು, ಗಾಲಿಕುರ್ಚಿಯಲ್ಲಿ ಬಂದ ಗಿರಾಕಿಗೂ ಅದೇ ಪಾಡು. ಈ ಬಗ್ಗೆಯೂ ದೂರುಗಳು ಬರುತ್ತವೆ, ಬರಲಿ.

ಮೆಟ್ರೊ ಕೆಲಸ ಮುಗಿಯುತ್ತಿದ್ದಂತೆ ಹೊರವರ್ತುಲ ರಸ್ತೆಯ ಅಂಚುಗಳನ್ನು ಹೊಸದಾಗಿ ಕಟ್ಟಲೇಬೇಕಾಗುತ್ತದೆ, ಸೈಕಲ್ ಪಥದ ಮಾತು ಮತ್ತೆ ಬರುತ್ತದೆ. ಆಗ ಹಸಿರು ಬಣ್ಣ ಎಷ್ಟು ಡಬ್ಬಿ ಬೇಕು ಎಂಬುದಕ್ಕಿಂತ ಮೊದಲು ಟೆಂಡರ್ ಕಾಗದದಲ್ಲಿಯೇ ಬರೆಯಬೇಕಾದ ಸಂಗತಿಗಳಿವೆ: ಪಥ ಹಾಕಿ ಆರು ತಿಂಗಳಿಗೆ ಎಣಿಕೆ ಪ್ರಕಟಿಸುವವರು ಯಾರು, ಒಂದು ವರ್ಷಕ್ಕೆ ಉಳಿಸುವ ಅಥವಾ ಬದಲಿಸುವ ತೀರ್ಮಾನವನ್ನು ಬಹಿರಂಗ ಸಭೆಯಲ್ಲಿ ತೆಗೆದುಕೊಳ್ಳುವವರು ಯಾರು, ಆ ಸಭೆಯ ದಿನಾಂಕವೇನು. ಆ ದಿನಾಂಕವನ್ನು ಪಥದ ಪಕ್ಕದಲ್ಲೇ, ಬಸ್ ತಂಗುದಾಣದ ಕಂಬಕ್ಕೆ, ಕನ್ನಡದಲ್ಲಿ ಬರೆದು ಹಾಕಿದರೆ ಅದನ್ನು ಓದಿಕೊಂಡು ಬರುವವರು ಬರುತ್ತಾರೆ.